ತೆಗೆದದ್ದನ್ನು ಪುನಃ ಕಟ್ಟಿದ ಕಥೆ

ನಮ್ಮ ಕಾಸರಗೋಡು ಕಡೆಯ ಶಾಲೆಗಳಲ್ಲಿ ಪಿ.ಟಿ.ಎ. ಇರುವ ಹಾಗೆ ತಾಯಂದಿರದ್ದೇ ಒಂದು ಎಂ.ಪಿ.ಟಿ.ಎ. ಕೂಡ ಇದೆ. ವರ್ಷಕ್ಕೊಮ್ಮೆಯೋ ಎರಡು ಸಲವೋ ಆರೋಗ್ಯ ಇಲಾಖೆಯವರು ಬಂದು ಅವರಿಗೆ ಸ್ತನ ಕ್ಯಾನ್ಸರ್ ಬಗ್ಗೆ ಒಂದು ಕ್ಲಾಸು ಕೊಡುವುದುಂಟು. ಕೊನೆಯಲ್ಲಿ "ಸಂಶಯ ಇದ್ದರೆ ಕೇಳಿ" ಎಂದರೆ ಹಾಲ್‌ನಲ್ಲಿ ಸೂಜಿ ಬಿದ್ದರೂ ಕೇಳಿಸಬೇಕು, ಅಷ್ಟು ಮೌನ. ಸಂಶಯಗಳೆಲ್ಲ ಹೊರಗೆ ಬರುವುದು ಆಮೇಲೆ, ಚಹಾ ಗ್ಲಾಸು ಕೈಗೆ ಬಂದ ಮೇಲೆ, ಮೆಲ್ಲಗೆ. ಅವುಗಳಲ್ಲಿ ನಾವು ಮತ್ತೆ ಮತ್ತೆ ಕೇಳಿದ ಒಂದು ಪ್ರಶ್ನೆ ಇದು: "ತೆಗೆದ ಮೇಲೆ ಪುನಃ ಮಾಡಿ ಕೊಡ್ತಾರಂತಲ್ಲ ಟೀಚರ್, ಹೌದಾ? ಅದು ಸಿನಿಮಾದವರಿಗೆ ಮಾತ್ರವಾ?"

ಹೌದು, ಮಾಡಿ ಕೊಡುತ್ತಾರೆ. ಅಲ್ಲ, ಸಿನಿಮಾದವರಿಗೆ ಮಾತ್ರ ಅಲ್ಲ. ಉತ್ತರ ಇಷ್ಟೇ. ಆದರೆ ಈ ಉತ್ತರದ ಹಿಂದೆ ಇನ್ನೂರು ವರ್ಷಗಳ ಒಂದು ದೊಡ್ಡ ಕಥೆ ಇದೆ, ಅದನ್ನು ಕನ್ನಡದಲ್ಲಿ ಒಟ್ಟಾಗಿ ಓದಿದ ನೆನಪು ನಮಗಿಲ್ಲ. ಸಮಾಜ ವಿಜ್ಞಾನ ಪಾಠ ಮಾಡುವ ನಮಗೆ ವೈದ್ಯಶಾಸ್ತ್ರ ಗೊತ್ತಿಲ್ಲ. ಚರಿತ್ರೆಯನ್ನು ಹೇಳಬಲ್ಲೆವು. ಹಾಗಾಗಿ ಇದನ್ನು ಓದಿ ಯಾರೂ ಚಿಕಿತ್ಸೆ ನಿರ್ಧರಿಸಬೇಡಿ, ಡಾಕ್ಟರ ಹತ್ತಿರ ಕೇಳಲು ನಾಲ್ಕು ಪ್ರಶ್ನೆ ಸಿಕ್ಕಿದರೆ ಸಾಕು.

ಮೊದಲು ಪದದ ವಿಷಯ. ಮಲಯಾಳದಲ್ಲಿ ಮುಲ, ಕನ್ನಡದಲ್ಲಿ ಮೊಲೆ, ತುಳುವಿನಲ್ಲಿ ಮಿರೆ. ಮೂರೂ ಒಂದೇ ಬೇರಿನ ಪದಗಳು, ಮೂರನ್ನೂ ನಮ್ಮ ಹೆಂಗಸರು ದನದ ವಿಷಯಕ್ಕೆ ಹೇಳುತ್ತಾರೆ, ತಮ್ಮ ವಿಷಯಕ್ಕೆ ಹೇಳುವುದಿಲ್ಲ. ತಮಗಾದರೆ "ಎದೆಯಲ್ಲಿ ಒಂದು ಗಂಟು". ಎದೆ ಎಂದರೆ ಹೃದಯವೂ ಹೌದು, ಶ್ವಾಸಕೋಶವೂ ಹೌದು! "ಎದೆನೋವು" ಎಂದು ಹೋಗಿ ಇ.ಸಿ.ಜಿ. ಮಾಡಿಸಿಕೊಂಡು ಬಂದವರಿದ್ದಾರೆ. ಇಲ್ಲಿ ನಾವು ಸ್ತನ ಎಂದೇ ಬರೆಯುತ್ತೇವೆ. ಮಕ್ಕಳು ಓದಿದರೂ ಅಡ್ಡಿಯಿಲ್ಲ, ಅವರ ಜೀವಶಾಸ್ತ್ರ ಪುಸ್ತಕದಲ್ಲಿರುವ ಸಸ್ತನಿ ಎಂಬ ಪದದೊಳಗೇ ಅದು ಇದೆ.

ಕಥೆ ಶುರುವಾಗುವುದು ಕತ್ತರಿಸುವಲ್ಲಿಂದ. 1804ರ ಅಕ್ಟೋಬರ್‌ನಲ್ಲಿ ಜಪಾನಿನ ಹನಾವೊಕಾ ಸೇಯ್‌ಶು ಎಂಬ ವೈದ್ಯ 60 ವರ್ಷದ ಒಬ್ಬ ಹೆಂಗಸಿಗೆ ಔಷಧಿ ಕುಡಿಸಿ ಪ್ರಜ್ಞೆ ತಪ್ಪಿಸಿ ಅವಳ ಸ್ತನದ ಗಡ್ಡೆಯನ್ನು ತೆಗೆದ. ಯುರೋಪು ಅಮೆರಿಕಗಳಲ್ಲಿ ಈಥರ್ ಬರಲು ಇನ್ನೂ ನಾಲ್ಕು ದಶಕ ಇತ್ತು. ಹನಾವೊಕಾನ ಕಷಾಯದಲ್ಲಿದ್ದ ಮುಖ್ಯ ಗಿಡ ಯಾವುದು ಗೊತ್ತೇ? ನಮ್ಮ ರಸ್ತೆ ಬದಿಯಲ್ಲಿ ಬೆಳೆಯುವ, ಶಿವನಿಗೆ ಏರಿಸುವ ದತ್ತೂರದ ಜಾತಿಯದ್ದೇ. (ದಯವಿಟ್ಟು ಯಾರೂ ಪ್ರಯೋಗ ಮಾಡಬೇಡಿ, ಅದು ವಿಷ. ಅವನಿಗೆ ಅದರ ಅಳತೆ ಸಿಗಲು ಎಷ್ಟೋ ವರ್ಷ ಬೇಕಾಗಿತ್ತು.)

ಅದೇ ಕಾಲದಲ್ಲಿ ಯುರೋಪಿನ ಹೆಂಗಸರ ಗತಿ ಏನೆಂದು ತಿಳಿಯಲು ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಕಾದಂಬರಿಗಾರ್ತಿಯ ಪತ್ರವೊಂದು ಉಳಿದಿದೆ. 1811ರ ಸೆಪ್ಟೆಂಬರ್ 30, ಪ್ಯಾರಿಸ್. ನೆಪೋಲಿಯನ್ನನ ಸೈನ್ಯದ ಹೆಸರಾಂತ ಶಸ್ತ್ರವೈದ್ಯ ಲಾರೇ ಆಕೆಯ ಬಲ ಸ್ತನವನ್ನು ತೆಗೆದ. ಅರಿವಳಿಕೆ ಇಲ್ಲ. ಕುಡಿಯಲು ಸ್ವಲ್ಪ ಮದ್ಯ, ಮುಖದ ಮೇಲೆ ಒಂದು ತೆಳು ಕರವಸ್ತ್ರ, ಅಷ್ಟೇ. ಡಾಕ್ಟರು ಬರುತ್ತಾರೆಂದು ಆಕೆಗೆ ಗೊತ್ತಾದದ್ದು ಅದೇ ದಿನ ಬೆಳಗ್ಗೆ. ತೆಳು ಬಟ್ಟೆಯ ಮೂಲಕ ಕತ್ತಿಯ ಹೊಳಪು ಕಾಣುತ್ತಿತ್ತು. ಆಕೆ ಇದನ್ನೆಲ್ಲ ತನ್ನ ಅಕ್ಕನಿಗೆ ಬರೆದು ಮುಗಿಸಲು ತಿಂಗಳುಗಳೇ ಬೇಕಾದವು. ಫ್ಯಾನಿ ಬರ್ನಿ ಬದುಕಿದರು, ಮತ್ತೆ 28 ವರ್ಷ ಬದುಕಿ 87ನೆಯ ವಯಸ್ಸಿನಲ್ಲಿ ತೀರಿಕೊಂಡರು. ರೋಗಿ ತಾನೇ ಬರೆದ ಇಂಥ ಬರಹಗಳು ಚರಿತ್ರೆಯಲ್ಲಿ ಬಹಳ ಕಡಿಮೆ, ವೈದ್ಯರು ಬರೆದವು ಬೇಕಾದಷ್ಟಿವೆ.

ಆಮೇಲೆ ಬಂದವರು ವಿಲಿಯಂ ಹಾಲ್‌ಸ್ಟೆಡ್. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯರು. ಆಪರೇಷನ್ ಮಾಡುವಾಗ ರಬ್ಬರ್ ಗ್ಲೌಸ್ ಹಾಕುವ ಕ್ರಮ ಹುಟ್ಟಿದ್ದು ಇವರಲ್ಲಿ. ಔಷಧಿಯ ನೀರಿನಿಂದ ಕೈ ಸುಲಿದುಹೋಗುತ್ತಿದ್ದ ಒಬ್ಬ ನರ್ಸಿಗಾಗಿ ಅವರು ರಬ್ಬರ್ ಕಂಪನಿಗೆ ಹೇಳಿ ಗ್ಲೌಸ್ ಮಾಡಿಸಿದರು, ಆಮೇಲೆ ಆಕೆಯನ್ನೇ ಮದುವೆಯೂ ಆದರು. ರಬ್ಬರ್ ಟ್ಯಾಪಿಂಗ್ ಮಾಡುವ ಮನೆಗಳ ಮಕ್ಕಳಿಗೆ ಈ ಕಥೆ ಹೇಳಿದರೆ ಖುಷಿಪಡುತ್ತಾರೆ. ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ಶಸ್ತ್ರಕ್ರಿಯೆಯಲ್ಲಿ ಸ್ತನ, ಅದರ ಅಡಿಯ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆಯಬೇಕು. ಕ್ಯಾನ್ಸರ್ ಒಂದು ಕಡೆಯಿಂದ ಸುತ್ತಮುತ್ತಲಿಗೆ ಬೇರು ಬಿಟ್ಟ ಹಾಗೆ ಹರಡುತ್ತದೆ, ಆದ್ದರಿಂದ ಸುತ್ತಲಿನದ್ದನ್ನೆಲ್ಲ ಅಗೆದು ತೆಗೆದರೆ ಉಳಿಗಾಲ ಎಂಬುದು ಅವರ ನಂಬಿಕೆ. ಆ ಕಾಲದ ದೃಷ್ಟಿಯಲ್ಲಿ ಅದು ದೊಡ್ಡ ಹೆಜ್ಜೆಯೇ. ಗಡ್ಡೆ ಅದೇ ಜಾಗದಲ್ಲಿ ಮರಳಿ ಬರುವುದು ಬಹಳ ಕಡಿಮೆಯಾಯಿತು. ಆದರೆ ಆಪರೇಷನ್ ಆದ ಹೆಂಗಸಿನ ಪಕ್ಕೆಲುಬುಗಳ ಮೇಲೆ ಬರೀ ಚರ್ಮ ಉಳಿಯುತ್ತಿತ್ತು, ಕೈ ಊದುತ್ತಿತ್ತು, ಮೇಲೆತ್ತಲು ಆಗುತ್ತಿರಲಿಲ್ಲ. ಆ ಜಾಗದಲ್ಲಿ ಮರುರಚನೆಯ ಯಾವ ಕೆಲಸಕ್ಕೂ ಹಾಲ್‌ಸ್ಟೆಡ್ ವಿರೋಧಿಯಾಗಿದ್ದರು. ಅದರ ಅಡಿಯಲ್ಲಿ ಕ್ಯಾನ್ಸರ್ ಅಡಗಿ ಕೂತೀತು ಎಂಬ ಹೆದರಿಕೆ. ದೊಡ್ಡ ಗುರುವಿನ ಮಾತು. ಶಿಷ್ಯರು, ಶಿಷ್ಯರ ಶಿಷ್ಯರು ಎಪ್ಪತ್ತೈದು ವರ್ಷ ಅದನ್ನೇ ಪಾಲಿಸಿದರು.

ಆದರೂ ಗುರುವಿನ ಮಾತು ತಲುಪದ ಕಡೆಗಳಲ್ಲಿ ಕೆಲವರು ಬೇರೆ ಯೋಚನೆ ಮಾಡಿದರು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ವಿನ್ಸೆಂಟ್ಸ್ ಚೆರ್ನಿ ಎಂಬವರು ಒಬ್ಬ ಹಾಡುಗಾರ್ತಿಯ ಸ್ತನದಿಂದ (ಕ್ಯಾನ್ಸರ್ ಅಲ್ಲದ) ಗಡ್ಡೆಯೊಂದನ್ನು ತೆಗೆಯಬೇಕಾಯಿತು. ವೇದಿಕೆಯ ಮೇಲೆ ನಿಂತು ಹಾಡುವವಳು, ಒಂದು ಬದಿ ತಗ್ಗಾದರೆ ಹೇಗೆ? ಅವಳ ಸೊಂಟದ ಬಳಿ ಮುಷ್ಟಿ ಗಾತ್ರದ ಒಂದು ಕೊಬ್ಬಿನ ಗಂಟು ಮೊದಲೇ ಇತ್ತು. ಅದನ್ನು ತೆಗೆದು ಇಲ್ಲಿ ಕೂರಿಸಿದರು. 1895ರಲ್ಲಿ ಪ್ರಕಟವಾದ ಈ ಪ್ರಕರಣವನ್ನೇ ಸ್ತನ ಮರುರಚನೆಯ ಮೊದಲ ದಾಖಲೆ ಎನ್ನುತ್ತಾರೆ. ಕೊಬ್ಬು ದುರ್ಮಾಂಸ ಎಂದು ಬೈಯುವವರು ಗಮನಿಸಿ! 1906ರಲ್ಲಿ ಇಟಲಿಯ ಇಜಿನಿಯೊ ತಾನ್ಸಿನಿ ಬೆನ್ನಿನ ಸ್ನಾಯುವನ್ನು ಚರ್ಮದ ಸಮೇತ, ರಕ್ತನಾಳ ಕಡಿಯದೆ, ಮುಂದಕ್ಕೆ ತಿರುಗಿಸಿ ಎದೆಗೆ ಹೊದಿಸುವ ವಿಧಾನ ಬರೆದರು. ಅದು ಕೆಲವು ವರ್ಷ ಚಾಲ್ತಿಯಲ್ಲಿದ್ದು ಮರೆತೇಹೋಯಿತು. 1970ರ ದಶಕದಲ್ಲಿ ಮತ್ತೆ ಎದ್ದು ಬಂದು ಇಂದಿಗೂ ಬಳಕೆಯಲ್ಲಿದೆ.

ಹೀಗೆ ರಕ್ತನಾಳ ಕಡಿಯದೆ ಚರ್ಮ ತಿರುಗಿಸುವ ವಿದ್ಯೆ ಎಲ್ಲಿಯದೆಂದು ಕೇಳಿದರೆ ದಾರಿ ನಮ್ಮ ಕಡೆಗೇ ಬರುತ್ತದೆ. 1792ರ ಮೈಸೂರು ಯುದ್ಧದ ಸಮಯ. ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕವಾಸ್ಜಿ ಎಂಬವನು ಟಿಪ್ಪು ಸುಲ್ತಾನನ ಕಡೆಯವರ ಕೈಗೆ ಸಿಕ್ಕಿಬಿದ್ದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಒಂದು ವರ್ಷದ ನಂತರ ಪುಣೆಯ ಬಳಿ ಕುಂಬಾರ ಜಾತಿಯ ಒಬ್ಬ ವೈದ್ಯ ಅವನ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರ ಸಮೇತ ಇದು ಅಚ್ಚಾಯಿತು. ಅದನ್ನು ಓದಿ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಅದೇ ಆಪರೇಷನ್ ಮಾಡಿದರು. ಯುರೋಪಿನ ಹೊಸ ಪ್ಲಾಸ್ಟಿಕ್ ಸರ್ಜರಿ ಅಲ್ಲಿಂದ ಶುರು. ಕುಂಬಾರನ ಹೆಸರು ಮಾತ್ರ ಎಲ್ಲಿಯೂ ಇಲ್ಲ. (ಪ್ಲಾಸ್ಟಿಕ್ ಸರ್ಜರಿ ಎಂದರೆ ಪ್ಲಾಸ್ಟಿಕ್ ಹಾಕುವುದಲ್ಲ, ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಆಕಾರ ಕೊಡುವುದೆಂದು ಅರ್ಥ. ಕುಂಬಾರನ ಕೆಲಸವೇ ಅಲ್ಲವೇ?)

ಇನ್ನು ಇಂಪ್ಲಾಂಟ್‌ಗೆ ಬರೋಣ. ಮೈಯದೇ ಮಾಂಸ ತರುವ ಬದಲು ಹೊರಗಿನ ವಸ್ತುವೊಂದನ್ನು ಒಳಗೆ ಇಡುವುದು. ಇದರ ಆರಂಭದ ಕಥೆ ಓದಿದರೆ ಮೈ ಜುಮ್ಮೆನ್ನುತ್ತದೆ. 1899ರ ಹೊತ್ತಿಗೆ ವಿಯೆನ್ನಾದ ಗೆರ್ಸುನಿ ಎಂಬ ವೈದ್ಯ ಕರಗಿಸಿದ ಪ್ಯಾರಾಫಿನ್ ಮೇಣವನ್ನು ಚರ್ಮದಡಿಗೆ ಚುಚ್ಚುವುದನ್ನು ಶುರು ಮಾಡಿದ. ಹೌದು, ಮೇಣದಬತ್ತಿಯ ಮೇಣ! ಅದು ಒಳಗೆ ಗಂಟುಗಟ್ಟಿ, ಹುಣ್ಣಾಗಿ, ಜಾರಿ ಬೇರೆ ಕಡೆ ಹೋಗಿ ಜನ ಒದ್ದಾಡಿದರು. 1950ರ ದಶಕದಲ್ಲಿ ಇವಾಲಾನ್ ಎಂಬ ಸ್ಪಂಜು ಬಂತು. ಒಂದೆರಡು ವರ್ಷದಲ್ಲಿ ಅದು ಕಲ್ಲಿನಂತೆ ಗಟ್ಟಿಯಾಯಿತು. ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ, ಆಮೇಲೆ ಅಮೆರಿಕದಲ್ಲಿ ದ್ರವ ಸಿಲಿಕೋನನ್ನು ನೇರವಾಗಿ ಸ್ತನಕ್ಕೆ ಚುಚ್ಚಿದರು. ಅದರಿಂದಲೂ ಎಷ್ಟೋ ಹೆಂಗಸರು ಸ್ತನವನ್ನೇ ಕಳೆದುಕೊಂಡರು. ಇವೆಲ್ಲ ಹೆಚ್ಚಾಗಿ ಸೌಂದರ್ಯಕ್ಕೆಂದು ಮಾಡಿದ್ದು, ಕ್ಯಾನ್ಸರ್ ಆದವರಿಗಲ್ಲ. ಆದರೆ ಈ ಎರಡು ಕಥೆಗಳೂ ಒಂದೇ ಸಾಮಾನಿನ ಮೇಲೆ ನಡೆದ ಕಾರಣ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ಬರುವುದಿಲ್ಲ.

ಸಿಲಿಕೋನ್ ಮತ್ತು ಸಿಲಿಕಾನ್ ಬೇರೆ ಬೇರೆ ಎಂದು ಮೇಷ್ಟ್ರ ಚಟಕ್ಕೆ ಒಂದು ಮಾತು. ಸಿಲಿಕಾನ್ ಮೂಲಧಾತು, ಮರಳಿನಿಂದ ತೆಗೆಯುವುದು, ಕಂಪ್ಯೂಟರ್ ಚಿಪ್ ಮಾಡುವುದು ಅದರಿಂದ. ಬೆಂಗಳೂರನ್ನು ಕರೆಯುವುದು ಆ ಹೆಸರಿನಿಂದ. ಅದಕ್ಕೆ ಆಮ್ಲಜನಕ, ಇಂಗಾಲ, ಜಲಜನಕ ಸೇರಿಸಿ ಮನುಷ್ಯ ತಯಾರಿಸಿದ ರಬ್ಬರಿನಂಥ, ಎಣ್ಣೆಯಂಥ ವಸ್ತು ಸಿಲಿಕೋನ್. ಅಮೆರಿಕದ ಡೌ ಕೆಮಿಕಲ್ ಮತ್ತು ಕಾರ್ನಿಂಗ್ ಗ್ಲಾಸ್ ಕಂಪನಿಗಳು ಸೇರಿ 1943ರಲ್ಲಿ ಡೌ ಕಾರ್ನಿಂಗ್ ಕಟ್ಟಿದ್ದು ಯುದ್ಧದ ಅಗತ್ಯಗಳಿಗಾಗಿ. ಅಡುಗೆ ಮನೆಯ ಬೇಕಿಂಗ್ ಅಚ್ಚಿನವರೆಗೆ ಇಂದು ಎಲ್ಲೆಲ್ಲೂ ಸಿಲಿಕೋನ್ ಇದೆ.

ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಫ್ರಾಂಕ್ ಜೆರೋ ಎಂಬ ಎಳೆಯ ಸರ್ಜನ್‌ಗೆ ಒಂದು ದಿನ ರಕ್ತ ತುಂಬಿದ ಪ್ಲಾಸ್ಟಿಕ್ ಚೀಲ ಕೈಯಲ್ಲಿ ಹಿಡಿದಾಗ, ಇದರ ಮೃದುತ್ವ ಸ್ತನದ ಹಾಗೆಯೇ ಇದೆಯಲ್ಲ ಎಂದು ಹೊಳೆಯಿತಂತೆ. ಅವರೂ ಅವರ ಹಿರಿಯ ಥಾಮಸ್ ಕ್ರೋನಿನ್‌ರೂ ಡೌ ಕಾರ್ನಿಂಗ್ ಜತೆ ಸೇರಿ ಸಿಲಿಕೋನ್ ರಬ್ಬರಿನ ಚೀಲದೊಳಗೆ ಸಿಲಿಕೋನ್ ಜೆಲ್ ತುಂಬಿದರು. ಮೊದಲು ಎಸ್ಮೆರಾಲ್ಡಾ ಎಂಬ ನಾಯಿಗೆ ಇಟ್ಟು ನೋಡಿದರು. ಹೊಲಿಗೆ ಕಚ್ಚತೊಡಗಿದ ಎಸ್ಮೆರಾಲ್ಡಾಳಿಂದ ಕೆಲವೇ ವಾರಗಳಲ್ಲಿ ಅದನ್ನು ತೆಗೆಯಬೇಕಾಯಿತು. ಅಷ್ಟರಲ್ಲೇ ಅವರಿಗೆ ಸಮಾಧಾನ! 1962ರಲ್ಲಿ ಟಿಮ್ಮಿ ಜೀನ್ ಲಿಂಡ್ಸೆ ಎಂಬ ಆರು ಮಕ್ಕಳ ತಾಯಿಗೆ ಮೊದಲ ಬಾರಿ ಹಾಕಿದರು. ಆಕೆ ಆಸ್ಪತ್ರೆಗೆ ಬಂದದ್ದು ಎದೆಯ ಮೇಲಿನ ಹಚ್ಚೆ ತೆಗೆಸಲು. ಇದನ್ನು ಹಾಕಿಸಿಕೊಳ್ಳುತ್ತೀಯಾ ಎಂದು ಡಾಕ್ಟರುಗಳೇ ಕೇಳಿದರು. ನನ್ನ ಕಿವಿ ತುಂಬ ಹೊರಗೆ ಚಾಚಿದೆ, ಅದನ್ನೂ ಸರಿ ಮಾಡುವುದಾದರೆ ಆಗಬಹುದು ಎಂದಳು ಆಕೆ. ಬಡವರ ಸರಕಾರಿ ಆಸ್ಪತ್ರೆಯಲ್ಲಿ ಹೊಸ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿದ್ದು ಹೀಗೆ. ಒಂದು ನಾಯಿ, ಒಬ್ಬ ಹೆಂಗಸು, ಆಮೇಲೆ ಮಾರುಕಟ್ಟೆ. ಆ ಕಾಲದ ಅಮೆರಿಕದಲ್ಲಿ ದೇಹದೊಳಗೆ ಇಡುವ ಸಾಧನಗಳನ್ನು ಮಾರುವ ಮೊದಲು ಸರಕಾರಕ್ಕೆ ಪುರಾವೆ ತೋರಿಸಬೇಕೆಂಬ ಕಾನೂನೇ ಇರಲಿಲ್ಲ. 1976ರಲ್ಲಿ ಕಾನೂನು ಬಂದಾಗಲೂ, ಮೊದಲೇ ಮಾರಾಟದಲ್ಲಿದ್ದವು ಇರಲಿ ಎಂದು ಬಿಟ್ಟರು.

ಕ್ಯಾನ್ಸರ್ ಆದವರಿಗೆ ಇದು ಒದಗಿಬಂದದ್ದು 1971ರಲ್ಲಿ, ನ್ಯೂಯಾರ್ಕಿನ ಸ್ನೈಡರ್‌ಮನ್ ಮತ್ತು ಗತ್ರಿ ಎಂಬ ಇಬ್ಬರು ವೈದ್ಯರು ಸ್ತನ ತೆಗೆದ ಜಾಗದ ಚರ್ಮದಡಿಯಲ್ಲಿ ಸಿಲಿಕೋನ್ ಇಂಪ್ಲಾಂಟ್ ಇಟ್ಟ ವರದಿ ಪ್ರಕಟಿಸಿದಾಗ. ಆದರೆ ಹಾಲ್‌ಸ್ಟೆಡ್ ಕ್ರಮದಲ್ಲಿ ಸ್ನಾಯುವನ್ನೆಲ್ಲ ತೆಗೆದರೆ ಅದನ್ನು ಯಾವುದರ ಅಡಿಯಲ್ಲಿ ಇಡುವುದು? ಬರೀ ತೆಳು ಚರ್ಮ ಹರಿದು ಇಂಪ್ಲಾಂಟ್ ಹೊರಬರುತ್ತಿತ್ತು. ಹಾಗಾಗಿ ಮರುರಚನೆ ಗೆಲ್ಲಬೇಕಾದರೆ ಮೊದಲು ಹಾಲ್‌ಸ್ಟೆಡ್ ಸೋಲಬೇಕಿತ್ತು.

ಸೋಲಿಸಿದವರು ಪಿಟ್ಸ್‌ಬರ್ಗ್‌ನ ಬರ್ನಾರ್ಡ್ ಫಿಶರ್ ಮತ್ತು ಮಿಲಾನಿನ ಉಂಬೆರ್ತೊ ವೆರೊನೇಸಿ. ದೊಡ್ಡ ಆಪರೇಷನ್ ಆದವರನ್ನೂ ಸಣ್ಣ ಆಪರೇಷನ್ ಆದವರನ್ನೂ ಚೀಟಿ ಎತ್ತಿದ ಹಾಗೆ ಆಯ್ದು, ವರ್ಷಗಟ್ಟಲೆ ಹಿಂಬಾಲಿಸಿ, ಯಾರು ಎಷ್ಟು ಕಾಲ ಬದುಕಿದರು ಎಂದು ಲೆಕ್ಕ ಹಾಕಿದರು. ಸ್ನಾಯು ತೆಗೆದರೂ ಬಿಟ್ಟರೂ ಆಯುಷ್ಯದಲ್ಲಿ ವ್ಯತ್ಯಾಸವಿಲ್ಲ. ಆರಂಭದ ಹಂತದಲ್ಲಾದರೆ ಗಡ್ಡೆ ಮಾತ್ರ ತೆಗೆದು ನಮ್ಮವರು ಕರೆಂಟು ಕೊಡುವುದು ಎನ್ನುವ ವಿಕಿರಣ ಚಿಕಿತ್ಸೆ ಕೊಟ್ಟರೂ ಆಯುಷ್ಯ ಅಷ್ಟೇ. 1981ರಲ್ಲಿ ವೆರೊನೇಸಿ, 1985ರಲ್ಲಿ ಫಿಶರ್ ಇದನ್ನು ಪ್ರಕಟಿಸಿದರು, 2002ರಲ್ಲಿ ಇಪ್ಪತ್ತು ವರ್ಷಗಳ ಲೆಕ್ಕವೂ ಅದನ್ನೇ ಹೇಳಿತು. ಮುಕ್ಕಾಲು ಶತಮಾನ ಲಕ್ಷಾಂತರ ಹೆಂಗಸರ ಎದೆಯ ಸ್ನಾಯು ತೆಗೆದದ್ದರ ಬಗ್ಗೆ ಏನು ಹೇಳುವುದು?

ಈ ಗೆಲುವಿನಲ್ಲಿ ಹೆಂಗಸರ ಪಾಲೂ ಇದೆ, ಅದನ್ನು ಡಾಕ್ಟರ ಚರಿತ್ರೆಗಳು ಬೇಗ ದಾಟಿಸಿಬಿಡುತ್ತವೆ. ಆಗ ಅಮೆರಿಕದಲ್ಲಿ ಗಂಟನ್ನು ಪರೀಕ್ಷಿಸಲು ಅರಿವಳಿಕೆ ಕೊಟ್ಟರೆ, ಕ್ಯಾನ್ಸರ್ ಎಂದು ಕಂಡ ಕೂಡಲೇ ಅದೇ ಮೇಜಿನ ಮೇಲೆ ಸ್ತನ ತೆಗೆದುಬಿಡುವ ಪದ್ಧತಿ ಇತ್ತು. ಸ್ತನ ಇದೆಯೋ ಇಲ್ಲವೋ ಎಂದು ಎಚ್ಚರಾದ ಮೇಲೆ ಮುಟ್ಟಿ ನೋಡಿ ತಿಳಿಯಬೇಕು. ರೋಸ್ ಕುಶ್ನರ್ ಎಂಬ ಪತ್ರಕರ್ತೆಗೆ 1974ರಲ್ಲಿ ಗಂಟು ಕಂಡಾಗ ಆಕೆ ಒಪ್ಪಲಿಲ್ಲ. ಮೊದಲು ಪರೀಕ್ಷೆ ಮಾತ್ರ ಮಾಡಿ, ಫಲಿತಾಂಶ ನನಗೆ ಹೇಳಿ, ಆಮೇಲೆ ನಾನು ನಿರ್ಧರಿಸುತ್ತೇನೆ ಎಂದರು. ಅದಕ್ಕೆ ಒಪ್ಪುವ ಸರ್ಜನ್‌ಗಾಗಿ ಹುಡುಕಾಡಿದರು, ಪುಸ್ತಕ ಬರೆದರು, ಸಭೆಗಳಲ್ಲಿ ಜಗಳ ಮಾಡಿದರು. ಕೊನೆಗೆ 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಪರೀಕ್ಷೆ ಬೇರೆ, ಆಪರೇಷನ್ ಬೇರೆ ಎಂದು ಶಿಫಾರಸು ಮಾಡಿತು. ಆ ಸಮಿತಿಯಲ್ಲಿ ಕುಶ್ನರ್ ಕೂಡ ಕೂತಿದ್ದರು. 1974ರಲ್ಲೇ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ತನ್ನ ಸ್ತನ ತೆಗೆದದ್ದನ್ನು ಮುಚ್ಚಿಡದೆ ದೇಶಕ್ಕೆ ಹೇಳಿದ್ದರು.

ಬೆಟ್ಟಿ ಫೋರ್ಡ್‌ಗೆ ಆಮೇಲೆ ಕೃತಕ ಸ್ತನ ಅಳತೆ ನೋಡಿ ಕೊಟ್ಟವರು ಯಾರು ಬಲ್ಲಿರಾ? ಬಾರ್ಬಿ ಗೊಂಬೆಯನ್ನು ಸೃಷ್ಟಿಸಿದ ರೂತ್ ಹ್ಯಾಂಡ್ಲರ್! 1970ರಲ್ಲಿ ಅವರಿಗೂ ಕ್ಯಾನ್ಸರ್ ಬಂದು ಸ್ತನ ತೆಗೆದಿದ್ದರು. ಅಂಗಡಿಯಲ್ಲಿ ಸಿಗುತ್ತಿದ್ದ ಕೃತಕ ಸ್ತನಗಳು ಮುದ್ದೆ ಮುದ್ದೆಯಾಗಿ, ಎಡಕ್ಕೂ ಬಲಕ್ಕೂ ಒಂದೇ ಆಗಿದ್ದವು. ಚಪ್ಪಲಿಗೂ ಎಡ ಬಲ ಇರುವಾಗ ಇದಕ್ಕೆ ಯಾಕಿಲ್ಲ ಎಂದು ಯೋಚಿಸಿ, ಬ್ರಾದೊಳಗೆ ಇಡುವ ಹೊಸ ಬಗೆಯದನ್ನು ತಯಾರಿಸಿ ಊರೂರು ತಿರುಗಿ ಮಾರಿದರು. ಆಪರೇಷನ್ ಬೇಡದ, ಮೈಯ ಹೊರಗೇ ಇರುವ ಈ ದಾರಿ ಇಂದಿಗೂ ಇದೆ. ನಮ್ಮ ದೇಶದಲ್ಲಿ ಹತ್ತಿ ನೂಲಿನಿಂದ ಕೈಯಲ್ಲಿ ಹೆಣೆದು ಉಚಿತವಾಗಿ ಕೊಡುವ ಹೆಂಗಸರ ಗುಂಪುಗಳಿವೆ. ಕ್ರೋಶಾ ಕಲಿಸುವ ನಮ್ಮ ಹೊಲಿಗೆ ಟೀಚರುಗಳು ಇದನ್ನು ಗಮನಿಸಬಹುದು.

ಸ್ನಾಯು ಉಳಿಯಿತು, ಆದರೆ ಚರ್ಮ ಸಾಲದು. ಅದಕ್ಕೆ ದಾರಿ ಕಂಡವರು ವಾಷಿಂಗ್ಟನ್‌ನಲ್ಲಿದ್ದ ಚೆಡೊಮಿರ್ ರಾಡೊವನ್. ಬಸುರಿಯ ಹೊಟ್ಟೆಯ ಚರ್ಮ ಒಂಬತ್ತು ತಿಂಗಳಲ್ಲಿ ಎಷ್ಟು ಹಿಗ್ಗುತ್ತದೆ! ಅದೇ ತತ್ತ್ವ. ಖಾಲಿ ಸಿಲಿಕೋನ್ ಬಲೂನನ್ನು ಎದೆಯೊಳಗೆ ಇಟ್ಟು ಹೊಲಿದು, ವಾರ ವಾರ ಸೂಜಿಯಿಂದ ಸ್ವಲ್ಪ ಸ್ವಲ್ಪ ಉಪ್ಪುನೀರು ತುಂಬುತ್ತಾ ಹೋಗುವುದು. ಚರ್ಮ ಸಾಕಷ್ಟು ಹಿಗ್ಗಿದ ಮೇಲೆ ಬಲೂನು ತೆಗೆದು ಶಾಶ್ವತ ಇಂಪ್ಲಾಂಟ್ ಇಡುವುದು. 1976ರಲ್ಲಿ ಅವರು ಇದನ್ನು ಸಮ್ಮೇಳನವೊಂದರಲ್ಲಿ ಮಂಡಿಸಿದಾಗ ನಂಬಿದವರು ಕಡಿಮೆ. 1982ರಲ್ಲಿ ಅವರ ಲೇಖನ ಪ್ರಕಟವಾಯಿತು. ಇಂದು ಇಂಪ್ಲಾಂಟ್ ಮರುರಚನೆಯಲ್ಲಿ ಬಹುಪಾಲು ನಡೆಯುವುದು ಈ ಎರಡು ಹಂತದ ಕ್ರಮದಲ್ಲೇ. ಅದೇ 1982ರಲ್ಲಿ ಅಟ್ಲಾಂಟಾದ ಹಾರ್‌ಟ್ರಾಂಫ್ ಹೊಟ್ಟೆಯ ಚರ್ಮ, ಕೊಬ್ಬು, ಸ್ನಾಯುಗಳಿಂದಲೇ ಸ್ತನ ಕಟ್ಟುವ ವಿಧಾನ ಪ್ರಕಟಿಸಿದರು. ಅದು ಬೇರೆಯೇ ದೊಡ್ಡ ಅಧ್ಯಾಯ, ಇಲ್ಲಿ ಬಿಡುತ್ತೇವೆ.

ಇಷ್ಟರವರೆಗೆ ಏರುವ ಕಥೆ. ಇನ್ನು ಇಳಿಯುವುದು. ಇಂಪ್ಲಾಂಟಿನ ಸುತ್ತ ದೇಹ ತನ್ನದೇ ಒಂದು ಪೊರೆ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ಬಿಗಿದು ಸ್ತನ ಕಲ್ಲಾಗಿ ನೋಯುತ್ತದೆ. ಚೀಲ ಹರಿದು ಜೆಲ್ ಸೋರುವುದೂ ಇದೆ. ಇದು ಕಂಪನಿಗಳಿಗೆ ಗೊತ್ತಿತ್ತು, ರೋಗಿಗಳಿಗೆ ಹೇಳಿದ್ದು ಕಡಿಮೆ. ಸಂಧಿವಾತದಂಥ, ದೇಹ ತನ್ನನ್ನೇ ತಿನ್ನುವ ರೋಗಗಳೂ ಇದರಿಂದಲೇ ಎಂದು ಹಲವರು ಕೋರ್ಟಿಗೆ ಹೋದರು. 1984ರ ಒಂದು ಮೊಕದ್ದಮೆಯಲ್ಲಿ ಕಂಪನಿಯ ಒಳ ಕಾಗದಪತ್ರಗಳು ಹೊರಬಿದ್ದವು. 1991ರ ಡಿಸೆಂಬರ್‌ನಲ್ಲಿ ಒಬ್ಬ ಹೆಂಗಸಿಗೆ 73 ಲಕ್ಷ ಡಾಲರ್ ಪರಿಹಾರದ ತೀರ್ಪು ಬಂತು. 1992ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ.ಯ ಮುಖ್ಯಸ್ಥ ಡೇವಿಡ್ ಕೆಸ್ಲರ್ ಸಿಲಿಕೋನ್ ಜೆಲ್ ಇಂಪ್ಲಾಂಟ್‌ಗಳನ್ನು ನಿಲ್ಲಿಸಲು ಹೇಳಿದರು. ಏಪ್ರಿಲ್‌ನಲ್ಲಿ, ಅಧ್ಯಯನಕ್ಕೆ ಒಳಪಡುವ ಷರತ್ತಿನ ಮೇಲೆ, ಕ್ಯಾನ್ಸರ್ ಆದವರಂಥ ಮರುರಚನೆ ಬೇಕಾದವರಿಗೆ ಮಾತ್ರ ಎಂದಾಯಿತು. ಉಪ್ಪುನೀರು ತುಂಬಿದವು ಉಳಿದವು. ಡೌ ಕಾರ್ನಿಂಗ್ 1995ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತು.

ಆಮೇಲೆ ತಿರುವು. ಮೊಕದ್ದಮೆಗಳ ಗಲಾಟೆಯ ನಡುವೆ ನಡೆದ ಅಧ್ಯಯನಗಳು ಒಂದೊಂದಾಗಿ ಬಂದವು. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಎಲ್ಲವನ್ನೂ ಒಟ್ಟು ಮಾಡಿ ನೋಡಿ, ಇಂಪ್ಲಾಂಟ್‌ನಿಂದ ಅಂಥ ರೋಗಗಳು ಬರುತ್ತವೆ ಎನ್ನಲು ಆಧಾರವಿಲ್ಲ ಎಂದಿತು. ಆದರೆ ಪೊರೆ ಬಿಗಿಯುವುದು, ಹರಿಯುವುದು, ಮತ್ತೆ ಮತ್ತೆ ಆಪರೇಷನ್ ಬೇಕಾಗುವುದು ನಿಜವಾದ ತೊಂದರೆಗಳೆಂದೂ, ಇವು ಬಹಳ ಸಾಮಾನ್ಯವೆಂದೂ ಹೇಳಿತು. 2006ರ ನವೆಂಬರ್‌ನಲ್ಲಿ ಜೆಲ್ ಇಂಪ್ಲಾಂಟ್‌ಗಳಿಗೆ ಪುನಃ ಅನುಮತಿ ಸಿಕ್ಕಿತು. ಹಾಗಾದರೆ ಕಂಪನಿಗಳು ನಿರಪರಾಧಿಗಳೇ? ನಮಗೆ ಹಾಗೆ ಕಾಣುವುದಿಲ್ಲ. ಲೆಕ್ಕದ ಪರೀಕ್ಷೆಯಲ್ಲಿ ಕ್ರಮ ಬರೆಯದೆ ಉತ್ತರ ಮಾತ್ರ ಬರೆದ ಹುಡುಗನಿಗೆ ನಾವು ಪೂರ್ತಿ ಅಂಕ ಕೊಡುತ್ತೇವೆಯೇ? ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರ ಮೈಯೊಳಗೆ ಇಟ್ಟು ಮೂವತ್ತು ವರ್ಷ ಆದ ಮೇಲೆ ಸುರಕ್ಷಿತವೇ ಎಂಬ ಪರೀಕ್ಷೆ ಶುರುವಾಯಿತು.

ಪರೀಕ್ಷೆ ತಪ್ಪಿಸಿಕೊಂಡವರೂ ಇದ್ದಾರೆ. ಫ್ರಾನ್ಸಿನ ಪಿ.ಐ.ಪಿ. ಎಂಬ ಕಂಪನಿ ಖರ್ಚು ಉಳಿಸಲು ವೈದ್ಯಕೀಯ ಬಳಕೆಯದ್ದಲ್ಲದ, ಕೈಗಾರಿಕೆಯ ಸಿಲಿಕೋನನ್ನು ತುಂಬಿ ಜಗತ್ತಿಗೆಲ್ಲ ಮಾರಿತು. 2010ರಲ್ಲಿ ಸಿಕ್ಕಿಬಿದ್ದಿತು. ಅಷ್ಟರಲ್ಲಿ 3 ಲಕ್ಷದಷ್ಟು ಹೆಂಗಸರು ಅದನ್ನು ಹಾಕಿಸಿಕೊಂಡಿದ್ದರು, ಅವರಲ್ಲಿ ಕ್ಯಾನ್ಸರ್ ದಾಟಿ ಬಂದವರೂ ಇದ್ದರು. ಮಾಲೀಕ ಜಾನ್ ಕ್ಲೋಡ್ ಮಾಸ್‌ಗೆ 2013ರಲ್ಲಿ 4 ವರ್ಷ ಸಜೆಯಾಯಿತು. ಇನ್ನೊಂದು, ಮೇಲ್ಮೈ ಒರಟಾಗಿರುವ ಇಂಪ್ಲಾಂಟ್‌ಗಳ ಸುತ್ತ ಬಹಳ ಅಪರೂಪಕ್ಕೆ ಒಂದು ಬಗೆಯ ರಕ್ತಕಣದ ಕ್ಯಾನ್ಸರ್ ಬರುವುದು ಗೊತ್ತಾಯಿತು. 2019ರ ಜುಲೈ ಹೊತ್ತಿಗೆ ಜಗತ್ತಿನಲ್ಲಿ 573 ಪ್ರಕರಣ, 33 ಸಾವು ದಾಖಲಾಗಿದ್ದವು. 573ರಲ್ಲಿ 481 ಅಲರ್ಗನ್ ಎಂಬ ಒಂದೇ ಕಂಪನಿಯ ಇಂಪ್ಲಾಂಟ್‌ಗಳದ್ದು. ಎಫ್.ಡಿ.ಎ. ಹೇಳಿದ ಮೇಲೆ ಆ ಕಂಪನಿ ಆ ಬಗೆಯವನ್ನು ಎಲ್ಲ ದೇಶಗಳಿಂದ ಹಿಂದಕ್ಕೆ ಪಡೆಯಿತು. 2021ರ ಅಕ್ಟೋಬರ್‌ನಲ್ಲಿ ಎಫ್.ಡಿ.ಎ. ಇನ್ನೊಂದು ಕ್ರಮ ತಂದಿತು: ಅಪಾಯಗಳನ್ನೆಲ್ಲ ಬರೆದ ಒಂದು ಪಟ್ಟಿಯನ್ನು ಡಾಕ್ಟರು ರೋಗಿಯ ಜತೆ ಕೂತು ಓದಿ, ಒಂದೊಂದಕ್ಕೂ ರೋಗಿ ಸಹಿ ಹಾಕಬೇಕು. ಆ ಪಟ್ಟಿಯಲ್ಲೇ, ಇಂಪ್ಲಾಂಟ್ ಜೀವಮಾನವಿಡೀ ಬಾಳುವ ವಸ್ತುವಲ್ಲ ಎಂಬ ಮಾತೂ ಇದೆ.

ಸಹಿಯ ಮಾತು ಬಂದಾಗ ನಮ್ಮ ಗಡಿಯ ಸಂಕಟ ಹೇಳದಿದ್ದರೆ ಆಗದು. ಇಲ್ಲಿಯ ರೋಗಿ ತೆಂಕಕ್ಕೆ ಹೋದರೆ ಒಪ್ಪಿಗೆ ಪತ್ರ ಮಲಯಾಳದಲ್ಲಿ, ಬಡಗಕ್ಕೆ ಮಂಗಳೂರಿನ ಕಡೆ ಹೋದರೆ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹೆಂಗಸು ಎರಡನ್ನೂ ಓದದೆ ಸಹಿ ಹಾಕುತ್ತಾಳೆ. ನಮ್ಮ ಪರಿಚಯದ ಒಬ್ಬ ತಾಯಿಗೆ ಸ್ತನ ತೆಗೆದು ಎರಡು ವರ್ಷವಾದ ಮೇಲೆ, ಇನ್ನೊಬ್ಬರ ಬಾಯಿಂದ ಮರುರಚನೆ ಎಂಬುದೊಂದಿದೆ ಎಂದು ತಿಳಿಯಿತು. "ಮಾಡಿಸ್ತಿದ್ದೆನೋ ಇಲ್ವೋ, ಅದು ಬೇರೆ. ನನ್ನತ್ರ ಕೇಳ್ಬೇಕಿತ್ತಲ್ಲ ಟೀಚರ್" ಎಂದರು. ಹಳೆಯ ಸಹಿಯ ಕಾಗದದಲ್ಲಿ ಏನಿತ್ತೆಂದು ಅವರಿಗೆ ಈಗಲೂ ಗೊತ್ತಿಲ್ಲ.

ಮಾಡಿಸದೇ ಇರುವುದೂ ಒಂದು ಗೌರವದ ಆಯ್ಕೆಯೇ. ಅಮೆರಿಕದ ಕವಯಿತ್ರಿ ಆಡ್ರಿ ಲಾರ್ಡ್ ಸ್ತನ ತೆಗೆಸಿಕೊಂಡ ಮೇಲೆ ಕೃತಕ ಸ್ತನವನ್ನು ನಿರಾಕರಿಸಿದರು. ಅದಿಲ್ಲದೆ ಬಂದರೆ ಉಳಿದ ರೋಗಿಗಳ ಧೈರ್ಯ ಕೆಡುತ್ತದೆ ಎಂದು ಡಾಕ್ಟರ ಕೊಠಡಿಯಲ್ಲಿ ನರ್ಸ್ ಆಕ್ಷೇಪಿಸಿದ್ದನ್ನು 1980ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. 2013ರಲ್ಲಿ ನಟಿ ಏಂಜಲಿನಾ ಜೋಲಿ, ವಂಶವಾಹಿಯ ದೋಷದಿಂದ ಕ್ಯಾನ್ಸರ್ ಬರುವ ಅಪಾಯವಿದೆಯೆಂದು ಎರಡೂ ಸ್ತನ ತೆಗೆಸಿ ಇಂಪ್ಲಾಂಟ್ ಹಾಕಿಸಿಕೊಂಡದ್ದನ್ನು ಪತ್ರಿಕೆಯಲ್ಲಿ ತಾವೇ ಬರೆದರು. ಇಬ್ಬರೂ ತಿಳಿದು ನಿರ್ಧರಿಸಿದವರು. (ಸಿನಿಮಾದವರಿಗೆ ಮಾತ್ರವಾ ಎಂಬ ಪ್ರಶ್ನೆ ಹುಟ್ಟಿದ್ದು ಈ ಸುದ್ದಿಯಿಂದಲೇ ಇರಬೇಕು.)

ಬೇಕೆನ್ನುವವರು ತಿಳಿದಿರಬೇಕಾದದ್ದು ಇಷ್ಟು. ಸ್ತನ ತೆಗೆಯುವ ದಿನವೇ ಮಾಡಬಹುದು, ಚಿಕಿತ್ಸೆ ಎಲ್ಲ ಮುಗಿದು ವರ್ಷಗಳಾದ ಮೇಲೂ ಮಾಡಬಹುದು. ಅಂದರೆ ಆ ತಾಯಿಗೆ ಬಸ್ಸು ತಪ್ಪಿಲ್ಲ. ವಿಕಿರಣ ಚಿಕಿತ್ಸೆ ಆಗಿದ್ದರೆ ಅಥವಾ ಆಗಬೇಕಿದ್ದರೆ ಇಂಪ್ಲಾಂಟ್‌ನಲ್ಲಿ ತೊಂದರೆ ಹೆಚ್ಚು, ಮೈಯದೇ ಮಾಂಸದ ವಿಧಾನ ಒಳ್ಳೆಯದಿರಬಹುದು. ಆಕಾರ ಬರುತ್ತದೆ, ಮುಟ್ಟಿದ ಅನುಭವ ಮೊದಲಿನ ಹಾಗೆ ಬರುವುದಿಲ್ಲ. ಹಾಲ್‌ಸ್ಟೆಡ್ ಹೆದರಿದ ಹಾಗೆ, ಮರುರಚನೆಯಿಂದ ಕ್ಯಾನ್ಸರ್ ಮರಳುವುದು ಹೆಚ್ಚುತ್ತದೆ ಎಂಬುದು ಸರಿಯಲ್ಲ.

ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1.9 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಕಂಡಿತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮರುರಚನೆ ಸಿಗುವುದು ಅವರಲ್ಲಿ ಬಹಳ ಕಡಿಮೆ ಜನರಿಗೆ. ಹಣ ಒಂದು ಕಾರಣ, ಅಲಂಕಾರದ ಆಪರೇಷನ್ ಎಂಬ ಭಾವನೆ ಇನ್ನೊಂದು. ಅಮೆರಿಕದಲ್ಲಿ, ಸ್ತನ ತೆಗೆಯಲು ಹಣ ಕೊಡುವ ಇನ್ಶೂರೆನ್ಸ್ ಕಂಪನಿ ಮರುರಚನೆಗೂ ಕೊಡಲೇಬೇಕೆಂದು 1998ರಲ್ಲಿ ಕಾನೂನು ಬಂತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಆದರೆ ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ನಿಯಮದಲ್ಲಿ ಒಂದು ವಾಕ್ಯವಿದೆ. ಸೌಂದರ್ಯದ ಅಥವಾ ಪ್ಲಾಸ್ಟಿಕ್ ಸರ್ಜರಿಗೆ ಹಣ ಕೊಡುವುದಿಲ್ಲ ಎನ್ನುವ ಷರತ್ತಿನಿಂದ ಅಪಘಾತ, ಸುಟ್ಟಗಾಯ ಮತ್ತು ಕ್ಯಾನ್ಸರ್ ನಂತರದ ಮರುರಚನೆಯನ್ನು ಹೊರಗಿಟ್ಟಿದ್ದಾರೆ. ಆರೋಗ್ಯ ವಿಮೆ ಇರುವವರು ತಮ್ಮ ಪಾಲಿಸಿಯ ಪುಸ್ತಕದಲ್ಲಿ ಎಂಟನೇ ಹೊರಗಿಡುವಿಕೆ ಎಂಬಲ್ಲಿ ನೋಡಿ, ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿರುತ್ತದೆ. ಓದಲು ಕಷ್ಟವಾದರೆ ಪಾಲಿಸಿ ಹಿಡಿದುಕೊಂಡು ಶಾಲೆಗೆ ಬನ್ನಿ, ಸಂಜೆ ನಾಲ್ಕರ ನಂತರ ನಾವು ಸ್ಟಾಫ್ ರೂಮಿನಲ್ಲಿ ಇರುತ್ತೇವೆ.